ಬೆಳಕಿಂಡಿಗೆ ಕಟ್ಟಿದ ಪುಗ್ಗಾ

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬದ ದಿನ ನಾನೊಂದು ಅಪರಾಧ ಮಾಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾಸು ತುಂಬಿಸಿ ತಂದಿದ್ದ ಹನ್ನೆರಡು ಪುಗ್ಗಾಗಳನ್ನು, ಮನೆಯೊಳಗೆ ಜಾಗ ಸಾಲದೆಂದು, ಮಾಳಿಗೆಯ ಮೇಲಿನ ಬಟ್ಟೆ ಒಣಹಾಕುವ ತಂತಿಗೆ ಕಟ್ಟಿ ಬಂದೆ. ಪುಗ್ಗಾ ಎಂದರೆ ಬಲೂನು; ನಮ್ಮ ಕಡೆ ಹಾಗೆನ್ನುತ್ತೇವೆ. ಜೇವರ್ಗಿಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಹನ್ನೊಂದೂವರೆಗೆ ಮೊದಲನೆಯದು ಢಂ ಎಂದಿತು. ಹನ್ನೆರಡರ ಹೊತ್ತಿಗೆ ತಂತಿಯಲ್ಲಿ ಬರೀ ದಾರಗಳು ಜೋತಾಡುತ್ತಿದ್ದವು. ಮೊಮ್ಮಗಳು ಅಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, "ಮುತ್ಯಾ, ನೀ ಸೈನ್ಸ್ ಮಾಸ್ತರ ಇದ್ದಿ ಅಂತಾರಲ್ಲ, ಖರೇ ಏನು?" ಎಂದು ಕೇಳಿದಳು.

ಖರೇ. ಮೂವತ್ತು ವರ್ಷ ಇದೇ ಊರಿನಲ್ಲಿ ವಿಜ್ಞಾನ ಹೇಳಿದ್ದೇನೆ. ಅನಿಲವನ್ನು ಕಾಯಿಸಿದರೆ ಹಿಗ್ಗುತ್ತದೆ, ಹಿಗ್ಗಲು ಜಾಗ ಸಿಗದಿದ್ದರೆ ಒತ್ತಡ ಏರುತ್ತದೆ, ತಡೆಯಲಾರದ ಗೋಡೆ ಬಿರಿಯುತ್ತದೆ ಎಂದು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಕರಿಹಲಗೆ ಶಾಲೆಯಲ್ಲಿರುತ್ತದೆ, ತಂತಿ ಮಾಳಿಗೆಯ ಮೇಲಿರುತ್ತದೆ. ಎರಡರ ನಡುವೆ ನನ್ನಂಥವರ ಬುದ್ಧಿ ದಾರಿ ತಪ್ಪುವುದು ಹೊಸದೇನಲ್ಲ. ಪುಗ್ಗಾದ ವಿಷಯದಲ್ಲಿ ಇದು ನನ್ನ ಎರಡನೆಯ ತಪ್ಪು. ಮೊದಲನೆಯದು ನಲವತ್ತೆಂಟನೆಯ ಇಸವಿಯಲ್ಲಿ, ಆಳಂದದ ನಮ್ಮ ಮನೆಯಲ್ಲಿ, ನನಗೆ ಹದಿನಾಲ್ಕು ವರ್ಷವಾಗಿದ್ದಾಗ ನಡೆಯಿತು.

ಆ ತಪ್ಪಿಗೆ ಅರ್ಧ ಹೊಣೆ ನನ್ನ ಉಸ್ತಾದರದು ಎಂದು ಬಹಳ ಕಾಲ ವಾದಿಸುತ್ತಿದ್ದೆ. ನಿಜಾಮರ ರಾಜ್ಯದಲ್ಲಿ ನಮ್ಮ ಓದೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಅರ್ಧ ಮರಾಠಿ, ವಸ್ತಾನಿಯಾ ಎಂದು ಕರೆಯುತ್ತಿದ್ದ ಮಿಡಲ್ ಸ್ಕೂಲಿಗೆ ಹೋದೊಡನೆ ಉರ್ದು. ಉಸ್ತಾದರು ಬಹಳ ಒಳ್ಳೆಯವರು. ಎಲೆ ಅಡಿಕೆಯ ಬಾಯಿಯನ್ನು ತುಸು ಮೇಲಕ್ಕೆತ್ತಿ, ಒಂದು ಹನಿಯೂ ಚೆಲ್ಲದ ಹಾಗೆ ಪಾಠ ಹೇಳುತ್ತಿದ್ದರು. "ಹವಾ ಗರ್ಮೀ ಸೇ ಫೈಲ್ತೀ ಹೈ, ಸರ್ದೀ ಸೇ ಸಿಕುಡ್ತೀ ಹೈ." ಗಾಳಿ ಬಿಸಿಗೆ ಹಿಗ್ಗುತ್ತದೆ, ಥಂಡಿಗೆ ಕುಗ್ಗುತ್ತದೆ. ಇದನ್ನು ನಾವು ಮೂವತ್ತು ಹುಡುಗರು ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಾ ರಾಗವಾಗಿ ಹೇಳುತ್ತಿದ್ದೆವು. ಯಾವ ಹವಾ, ಎಲ್ಲಿಯ ಹವಾ ಎಂದು ನಾವು ಕೇಳಿದವರಲ್ಲ. ಅದು ಪರೀಕ್ಷೆಯಲ್ಲಿ ಬೀಸುವ ಹವಾ ಎಂದಷ್ಟೇ ನಮಗೆ ಗೊತ್ತಿತ್ತು.

ಒಂದು ದಿನ ಮಾತ್ರ ನಾನು ಕೈ ಎತ್ತಿ, ಹಿಗ್ಗಿ ಹಿಗ್ಗಿ ಆಮೇಲೆ ಏನಾಗುತ್ತದೆ ಎಂದು ಕೇಳಿದೆ. ಉಸ್ತಾದರಿಗೆ ಸಂತೋಷವಾಯಿತು. ಬಾಯಿ ತುಂಬಿದ್ದರಿಂದ ಕೈಸನ್ನೆ ಮಾಡಿ, ಕಿಟಕಿಯವರೆಗೆ ಹೋಗಿ ಬಂದು, "ವೋ ಕಲ್ ಬತಾಊಂಗಾ" ಎಂದರು. ಅದನ್ನು ನಾಳೆ ಹೇಳುತ್ತೇನೆ ಎಂದರ್ಥ. ಮರುದಿನ ಶಾಲೆಗೆ ಬೀಗ ಬಿದ್ದಿತ್ತು. ರಜಾಕಾರರ ಗದ್ದಲ, ಊರೂರಿಗೆ ಹಬ್ಬಿದ ಹೆದರಿಕೆ. ಮಕ್ಕಳನ್ನು ಹೊರಗೆ ಬಿಡುವವರೇ ಇರಲಿಲ್ಲ. ಉಸ್ತಾದರು ತಮ್ಮ ಊರಿಗೆ ಹೋದವರು ತಿರುಗಿ ಬರಲಿಲ್ಲ. ಹೀಗಾಗಿ ಪುಗ್ಗಾ ಹಿಗ್ಗುವವರೆಗಿನ ವಿಜ್ಞಾನ ನನಗೆ ಬಾಯಿಪಾಠವಾಗಿತ್ತು, ಒಡೆಯುವ ವಿಜ್ಞಾನ ಬಾಕಿ ಉಳಿದಿತ್ತು.

ಇನ್ನು ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪುಗ್ಗಾಗಳು ಬಂದದ್ದು ಅವಳಿಗಾಗಿ.

ಗೌರಕ್ಕನನ್ನು ಅಫಜಲಪುರಕ್ಕೆ ಕೊಟ್ಟಿತ್ತು. ಗಂಡ ಶಾಂತಪ್ಪ, ನಮ್ಮ ಕಡೆಯ ರೂಢಿಯಂತೆ ಅಕ್ಕನ ಗಂಡ ನನಗೆ ಮಾಮಾ. ಭೀಮಾ ನದಿಯ ಕಡೆಗೆ ಒಳ್ಳೆಯ ಹೊಲ, ಮಾತಿನಲ್ಲಿ ಜೋರು, ಮನಸ್ಸಿನಲ್ಲಿ ಮೆತ್ತಗೆ. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ, ನಲವತ್ತೇಳರ ದೀಪಾವಳಿ ಮುಗಿದ ವಾರದಲ್ಲಿ ಮಾಮಾ ಮನೆಯಲ್ಲಿ ಯಾರಿಗೂ ಹೇಳದೆ ಗಡಿ ದಾಟಿ, ಸೊಲ್ಲಾಪುರದ ಕಡೆ ನಿಜಾಮರ ವಿರುದ್ಧ ಹೋರಾಡುವವರ ಶಿಬಿರಕ್ಕೆ ಹೋದರು. ಆಗ ಅನೇಕರು ಹಾಗೆ ಹೋಗುತ್ತಿದ್ದರು. ಅಪ್ಪ ಬಂಡಿ ಕಟ್ಟಿಕೊಂಡು ಹೋಗಿ ಅಕ್ಕನನ್ನು ಆಳಂದಕ್ಕೆ ಕರೆತಂದ. ಉಳಿದವರ ಗಂಡಂದಿರು ವ್ಯಾಪಾರಸ್ಥರ ಕೈಯಲ್ಲಿ ಒಂದು ಚೀಟಿ, ಒಂದು ಮಾತು ಕಳಿಸುತ್ತಿದ್ದರು. ನಮ್ಮ ಮಾಮಾ ಇಡೀ ವರ್ಷ ಒಂದಕ್ಷರ ಕಳಿಸಲಿಲ್ಲ.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು. ದಿನವೂ ಪರಾತದ ಮುಂದೆ ಕೂತು ಜೋಳದ ಹಿಟ್ಟನ್ನು ನಾದುತ್ತಿದ್ದಳು, ಅಷ್ಟು ನಾದಿದರೆ ಹಿಟ್ಟು ಹೆದರಿ ಮೆತ್ತಗಾಗಲೇಬೇಕು. ಮಾಮಾನ ಹೆಸರು ಬಂದರೆ, "ಯಾರ ಸುದ್ದಿ ಹೇಳಾಕತ್ತೀರಿ?" ಎಂದು ಕೇಳುತ್ತಿದ್ದಳು. ಸೆಪ್ಟೆಂಬರಿನಲ್ಲಿ ಭಾರತದ ದಂಡು ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಗಡಿಯಾಚೆ ಇದ್ದವರೆಲ್ಲ ದೀಪಾವಳಿಯೊಳಗೆ ಮನೆ ಸೇರಿದರು. ಮಾಮಾ ಕೂಡ ಅಫಜಲಪುರಕ್ಕೆ ಬಂದಿದ್ದಾರೆಂದು ಸುದ್ದಿ ಬಂತು. ಆಳಂದಕ್ಕೆ ಮಾತ್ರ ಬರಲಿಲ್ಲ. ಕೊನೆಗೆ ಡಿಸೆಂಬರಿನಲ್ಲಿ, ಎಳ್ಳಮಾಸಿಗೆ ಇನ್ನು ಮೂರು ದಿನವಿದೆ ಎನ್ನುವಾಗ, ಒಂದು ಮಧ್ಯಾಹ್ನ ಆಳಂದದ ಮೋಟಾರಿನಿಂದ ಇಳಿದರು.

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ. ಆ ದಿನ ನಮ್ಮ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಮೊದಲ ತುತ್ತು ಚೆಲ್ಲಿ, ಆಮೇಲೆ ನಾವು ಉಣ್ಣುವುದು. ಹಾಗೆ ಚೆಲ್ಲಲು ಮನೆಯ ಸೊಸೆ ಬೇಕು. ಮಾಮಾ ಅಕ್ಕನನ್ನು ಕರೆಯಲು ಬಂದದ್ದು ಅದಕ್ಕೇ. ಖಾಲಿ ಕೈಯಲ್ಲಿ ಬಂದಿರಲಿಲ್ಲ. ಒಂದು ವರ್ಷದ ಮೌನಕ್ಕೆ ಪರಿಹಾರವಾಗಿ ಸೀರೆ ತರಬಹುದಿತ್ತು, ಬಳೆ ತರಬಹುದಿತ್ತು. ಮಾಮಾ ಹಿಂದಿನ ದಿನ ಸೊಲ್ಲಾಪುರಕ್ಕೆ ಹೋಗಿ ಗ್ಯಾಸಿನ ಪುಗ್ಗಾ ತಂದಿದ್ದರು.

ಐದು ಕೊಂಡಿದ್ದರಂತೆ, ಮನೆಗೆ ಬಂದದ್ದು ಮೂರು. ಒಂದು ಗಡಿಯ ತಪಾಸಣೆಯ ನಾಕೆಯಲ್ಲಿ ಹೋಯಿತು. ಅಲ್ಲಿಯ ಪಹರೆಯವನಿಗೆ ಇದು ಹೊಸ ಸರಕು. "ಒಳಗೇನದ?" ಎಂದು ಗದರಿಸಿದ. "ಏನಿಲ್ರಿ, ಹವಾ ಅದ" ಎಂದರು ಮಾಮಾ. "ಹವಾ ಇದ್ರ ಮ್ಯಾಲ ಯಾಕ ಜಗ್ಗಾಕತ್ತದ? ಬಿಚ್ಚಿ ತೋರ್ಸು" ಎಂದ. ಬಿಚ್ಚಿ ತೋರಿಸಿದರು. ಪುಗ್ಗಾ ಪರ್‌ರ್ ಎಂದು ಅವನ ಟೋಪಿಯ ಮೇಲಿಂದ ಹಾರಿ ಹೋಗಿ ತನ್ನಲ್ಲಿ ಏನೂ ಇಲ್ಲವೆಂದು ಸಾಬೀತು ಮಾಡಿತು. ಇನ್ನೊಂದನ್ನು ಪಹರೆಯವನೇ ತನ್ನ ಮಗಳಿಗೆಂದು ಇಟ್ಟುಕೊಂಡ. ಉಳಿದ ಮೂರನ್ನು ಕೋಟಿನ ಗುಂಡಿಗೆ ಕಟ್ಟಿಕೊಂಡು, ರುಮಾಲು ಸುತ್ತಿದ ತಲೆಯ ಮೇಲೆ ಕೆಂಪು, ಹಳದಿ, ಹಸಿರು ತೇಲಿಸುತ್ತಾ ಮಾಮಾ ನಮ್ಮ ಓಣಿಯಲ್ಲಿ ನಡೆದು ಬಂದ ದೃಶ್ಯವನ್ನು ಆಳಂದ ಬಹಳ ದಿನ ಮರೆಯಲಿಲ್ಲ.

ಬಾಗಿಲಲ್ಲಿ ಆಯಿ ನಿಂತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಅವಳದೇ. ಆಯಿ ಪುಗ್ಗಾಗಳನ್ನು ನೋಡಿದಳು, ಮಾಮಾನನ್ನು ನೋಡಿದಳು, "ಬರ್ರಿ ಅಳಿಯಾ, ಕಾಲಿಗೆ ನೀರ ತಗೋರಿ" ಎಂದಳು. ಬೆಲ್ಲ ನೀರು ಕೊಡುವಾಗ ಮಾಮಾ ಚಾಚಿದ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ವಯಸ್ಸಾಗಿ ಕಣ್ಣು ಮಂದವಾಗಿದೆ, ಅದಕ್ಕೆ ಎಂದುಕೊಂಡೆ.

ಅಕ್ಕ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಾನು ಒಳಗೆ ಹೋಗಿ, "ಅಕ್ಕಾ, ಮಾಮಾ ಮ್ಯಾಲ ಹೋಗೋ ಪುಗ್ಗಾ ತಂದಾರ" ಎಂದೆ. "ತಂದವರನ್ನೂ ಅದಕ್ಕ ಕಟ್ಟಿ ಕಳಿಸು" ಎಂದಳು. ಆಮೇಲೆ ಆಯಿಗೆ ಕೇಳುವಂತೆ, "ನಾಳೆ ಮಧ್ಯಾನ ಉಂಡು ಹೋಗ್ಲಿ. ನಾ ಮಾತ್ರ ಬರಾಂಗಿಲ್ಲ" ಎಂದಳು. ಅಪ್ಪನನ್ನು ಕೇಳಿದರೆ, "ಆಕಿ ಜೀವದ ಮಾತು. ನಾ ಒತ್ತಾಯ ಮಾಡಾಂವಲ್ಲ" ಎಂದು ರುಮಾಲು ಸುತ್ತಿಕೊಂಡು ಹೊಲದ ಕಡೆ ಹೋಗಿಬಿಟ್ಟ. ಕರೆಯಲು ಬಂದ ಅಳಿಯ ಹಬ್ಬದ ಮುಂದೆ ಒಬ್ಬನೇ ಹಿಂದಿರುಗಿದರೆ ಎರಡನೆಯ ಸಲ ಬರುವುದು ಕಷ್ಟ. ಅಫಜಲಪುರದ ಬಾಯಿಗಳು ಸುಮ್ಮನಿರುವುದಿಲ್ಲ, ಇವನ ಕಾಲುಗಳೂ ಈ ಕಡೆ ತಿರುಗುವುದಿಲ್ಲ. ಇದು ನನಗೂ ತಿಳಿಯುತ್ತಿತ್ತು. ನನಗೆ ಅಕ್ಕ ಮನೆಯಲ್ಲೇ ಇದ್ದರೆ ಒಳ್ಳೆಯದೇ ಆಗಿತ್ತು, ಆದರೆ ಇಡೀ ವರ್ಷ ನಗದ ಅಕ್ಕನನ್ನು ನೋಡಿ ನೋಡಿ ಸಂಕಟವಾಗಿತ್ತು.

ಮಾಮಾಗೆ ಇದೊಂದೂ ತಿಳಿದಂತೆ ಕಾಣಲಿಲ್ಲ. ಅಥವಾ ತಿಳಿದೇ ಹಾಗೆ ಮಾಡುತ್ತಿದ್ದರೋ. ಪಡಸಾಲೆಯಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ಓಣಿಯವರಿಗೆ ಶಿಬಿರದ ಸಾಹಸ ಹೇಳತೊಡಗಿದರು. ಧ್ವನಿ ಮಾತ್ರ ಎದುರು ಕೂತವರಿಗಲ್ಲ, ಒಳಗೆ ಕೂತವಳಿಗೆ ಕೇಳುವಷ್ಟಿತ್ತು. "ಗುಂಡು ನೋಡ್ರಿ, ಹಿಂಗ ಕಿವಿ ಬಾಜೂಕ ಸುಂಯ್ ಅಂತ ಹೋತು. ನಾ ಕಣ್ಣು ಸೈತ ಪಿಳುಕಿಸಲಿಲ್ಲ." ಹೇಳುತ್ತ ಹೇಳುತ್ತ ಗುಂಡುಗಳು ಒಂದರಿಂದ ಮೂರಾದವು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. ಅಂಥ ಶೂರ ಒಂದು ಚೀಟಿ ಬರೆಯಲು ಏಕೆ ಹೆದರಿದನೋ ಎಂದು ಆ ಸಪ್ಪಳ ಕೇಳುತ್ತಿತ್ತು.

ಮರುದಿನ ಮುಂಜಾನೆ ಚಳಿ ಬಹಳ. ನಾನು ಎದ್ದು ನೋಡುತ್ತೇನೆ, ಪಡಸಾಲೆಯ ತೊಲೆಗೆ ತಾಕಿಕೊಂಡಿದ್ದ ಪುಗ್ಗಾಗಳು ಕೆಳಗಿಳಿದು, ಮೈ ಸಡಿಲಾಗಿ, ನನ್ನ ಮೊಣಕಾಲ ಮಟ್ಟದಲ್ಲಿ ತೂಗುತ್ತಿವೆ. ಅಕ್ಕನ ಮನಸ್ಸು ಕರಗುವುದಿದ್ದರೆ ಅವುಗಳಿಂದಲೇ ಎಂದು ನಾನು ನಂಬಿದ್ದೆ. ಆಗ ನೆನಪಾಯಿತು ಉಸ್ತಾದರ ಪಾಠ. ಸರ್ದೀ ಸೇ ಸಿಕುಡ್ತೀ ಹೈ! ಥಂಡಿಗೆ ಕುಗ್ಗಿವೆ, ಅಷ್ಟೇ. ಗರ್ಮಿ ತೋರಿಸಿದರೆ ಮತ್ತೆ ಹಿಗ್ಗುತ್ತವೆ. ಉರ್ದುವಿನ ಹವಾ ನಮ್ಮ ಮನೆಯೊಳಗೂ ಇದೆಯೆಂದು ಆವತ್ತು ಮೊದಲ ಸಲ ಹೊಳೆಯಿತು. ನನ್ನ ವಿದ್ಯೆ ನನಗೇ ಅಚ್ಚರಿ ಹುಟ್ಟಿಸಿತು.

ಮನೆಯಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಅಡುಗೆಮನೆಯ ಸೂರು. ಹಬ್ಬಕ್ಕೆ ಖಡಕ್ ರೊಟ್ಟಿಯನ್ನು ನಾಲ್ಕು ದಿನ ಮೊದಲೇ ಬಡಿದು ಅಡಕಲು ಹಾಕುವುದರಿಂದ ಒಲೆ ನಸುಕಿನಿಂದ ಉರಿಯುತ್ತಿತ್ತು. ಒಲೆಯ ಮೇಲಕ್ಕೆ, ಮಣ್ಣಿನ ಮಾಳಿಗೆಯಲ್ಲಿ, ಹೊಗೆ ಹೋಗಲು ಬೆಳಕು ಬರಲು ಒಂದು ಬೆಳಕಿಂಡಿ. ಚಳಿಗೆ ಅದನ್ನು ಮುಕ್ಕಾಲು ಮುಚ್ಚಿದ್ದರು. ನಾನು ಏಣಿ ತಂದು ಬೆಳಕಿಂಡಿಯ ಅಡ್ಡಕಟ್ಟಿಗೆಗೆ ಮೂರೂ ಪುಗ್ಗಾಗಳನ್ನು ಗಿಡ್ಡ ದಾರದಿಂದ ಬಿಗಿದು ಕಟ್ಟಿದೆ. ಅವುಗಳಲ್ಲಿ ಇದ್ದದ್ದು ಬೆಂಕಿ ಹತ್ತುವ ಗ್ಯಾಸು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಗೊತ್ತಾದ ದಿನ, ತರಗತಿಯ ನಡುವೆಯೇ, ಬೆನ್ನು ಬೆವತಿತ್ತು. ದೇವರು ದೊಡ್ಡವನು, ನಮ್ಮ ಮಾಳಿಗೆಯೂ ಎತ್ತರದ್ದು.

ಆಯಿ ಕೆಳಗಿನಿಂದ ಕೇಳಿದಳು. "ಅಲ್ಲೇ ಕಟ್ತೀಯೇನೋ?"

"ಹೂಂ ಆಯಿ. ಥಂಡಿಗೆ ಮುದುಡ್ಯಾವ. ಬಿಸಿ ತಾಕಿದ್ರ ಹಿಗ್ತಾವ. ನಮ್ಮ ಸಾಲ್ಯಾಗ ಹೇಳ್ಯಾರ." ಅಷ್ಟಕ್ಕೆ ಬಿಡದೆ ಏಣಿಯ ಮೇಲೆಯೇ ತೂಗಾಡುತ್ತಾ ಉರ್ದುವಿನಲ್ಲೂ ಒಂದು ಸಲ ಹೇಳಿದೆ.

ಆಯಿ ಹಂಚಿನ ಮೇಲೆ ಉಬ್ಬಿ ನಿಂತಿದ್ದ ರೊಟ್ಟಿಯನ್ನು ನೋಡಿದಳು, ಪುಗ್ಗಾ ನೋಡಿದಳು, ಪಡಸಾಲೆಯಲ್ಲಿ ಆಗಲೇ ಎರಡನೆಯ ದಿನದ ಸಾಹಸ ಶುರುಮಾಡಿದ್ದ ಮಾಮಾನ ಕಡೆ ನೋಡಿದಳು. "ಕಟ್ಟಪ್ಪಾ ಕಟ್ಟು. ಸಾಲಿ ಕಲತಾಂವ" ಎಂದು ಒಂದು ಹಿಡಿ ತೊಗರಿ ಕಟ್ಟಿಗೆ ಒಲೆಗೆ ನೂಕಿದಳು. ತೊಗರಿ ಕಟ್ಟಿಗೆ ನಿಮಗೆ ಗೊತ್ತಲ್ಲ, ಹತ್ತಿತೆಂದರೆ ಧಗಧಗ ಎನ್ನುತ್ತದೆ.

ನನ್ನ ವಿಜ್ಞಾನ ಗೆದ್ದಿತು. ಕಣ್ಣೆದುರೇ ಪುಗ್ಗಾಗಳ ಸುಕ್ಕು ಬಿಚ್ಚಿತು. ಜೋತ ಮೈ ದುಂಡಾಯಿತು. ತಲೆ ಎತ್ತಿ ಮಾಳಿಗೆಗೆ ಒತ್ತಿಕೊಂಡವು. ಕೆಂಪು ಪುಗ್ಗಾ ಎಷ್ಟು ಬಿಗಿಯಾಯಿತೆಂದರೆ ಅದರೊಳಗಿಂದ ಬೆಳಕಿಂಡಿಯ ಬಿಸಿಲು ಕಾಣುತ್ತಿತ್ತು. "ಅಕ್ಕಾ, ನೋಡ್ ಬೇ!" ಎಂದು ಕೂಗಿದೆ. ಅಕ್ಕ ತಲೆ ಎತ್ತಲಿಲ್ಲ. ಪಡಸಾಲೆಯಲ್ಲಿ ಮಾಮಾ ಅದೇ ಆಗ ಹೊರಸಿನಿಂದ ಎದ್ದು ನಿಂತು, ಕೈಯಲ್ಲಿಲ್ಲದ ಬಂದೂಕನ್ನು ಭುಜಕ್ಕೆ ಏರಿಸಿ, "ಏನ್ರಿ, ಎದುರಿಗೆ ಹತ್ತು ಮಂದಿ. ನಾ ಒಬ್ಬಾಂವ. ಢಂ ಅಂದ್ರು. ನಾ ಹಿಂದ ಸರೀಲಿಲ್ಲ" ಎನ್ನುತ್ತಿದ್ದರು.

ಢಂ!

ಮುಚ್ಚಿದ ಅಡುಗೆಮನೆಯಲ್ಲಿ ಆ ಸಪ್ಪಳ ಎಷ್ಟು ದೊಡ್ಡದಾಗಿತ್ತೆಂದರೆ ಮಾಳಿಗೆಯ ಮಣ್ಣು ಉದುರಿತು. ಆ ಎರಡು ವರ್ಷಗಳಲ್ಲಿ ನಮಗೆಲ್ಲ ಸಪ್ಪಳವೆಂದರೆ ಒಂದೇ ಅರ್ಥವಾಗಿತ್ತು. ಕತೆ ಕೇಳುತ್ತಿದ್ದ ಓಣಿಯವರು ಬಾಗಿಲಲ್ಲಿ ಒಬ್ಬರಿಗೊಬ್ಬರು ಸಿಕ್ಕಿಕೊಂಡು ಹೊರಬಿದ್ದರು. ಇಷ್ಟಕ್ಕೂ ಕಾರಣನಾದ ವಿಜ್ಞಾನಿ, ಅಂದರೆ ನಾನು, ಹಿಟ್ಟಿನ ಮಡಕೆಗಳ ಹಿಂದೆ ಮುಖ ಹುದುಗಿಸಿಕೊಂಡಿದ್ದೆ. ಪುಗ್ಗಾದ ಕೆಂಪು ಚೂರೊಂದು ಹಂಚಿನ ಮೇಲೆ ಬಿದ್ದು ಚರ್ ಎಂದು ಸುಟ್ಟು ನಾರಿತು. ಕಣ್ಣು ತೆರೆದು ನೋಡಿದರೆ ಪಡಸಾಲೆಯಲ್ಲಿ ಮಾಮಾ ಇಲ್ಲ. ನೆಲದ ಮೇಲೆ ರುಮಾಲು ಮಾತ್ರ ಬಿಚ್ಚಿಕೊಂಡು ಬಿದ್ದಿತ್ತು. ಹೊರಸಿನ ಕೆಳಗಿನಿಂದ ಎರಡು ಪಾದಗಳು ಕಾಣುತ್ತಿದ್ದವು.

ಅಕ್ಕ ಎದ್ದಳು. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು. ಗಂಡ ಬಂದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಗ್ಗಿ ಹೊರಸಿನ ಕೆಳಗೆ ನೋಡಿ, "ಎದ್ದ ಬರ್ರಿ. ಪುಗ್ಗಾ ಒಡದದ" ಎಂದಳು.

"ಖರೇನ?" ಎಂದಿತು ಹೊರಸು.

"ಖರೇರಿ. ನೀವ ತಂದದ್ದು."

ಮಾಮಾ ತೆವಳಿಕೊಂಡು ಅರ್ಧ ಹೊರಬಂದಿದ್ದರು, ಹಳದಿ ಪುಗ್ಗಾ ಢಂ ಎಂದಿತು. ಮಾಮಾ ಗಕ್ಕನೆ ಮತ್ತೆ ಒಳಸರಿದ ರಭಸಕ್ಕೆ ತಲೆ ಹೊರಸಿನ ಪಟ್ಟಿಗೆ ಬಡಿಯಿತು. ಆಗ ಅಕ್ಕ ನಕ್ಕಳು. ಮೊದಲು ಮೂಗಿನಲ್ಲಿ ನಕ್ಕಳು, ತಡೆಯಲಾರದೆ ಬಾಯಿ ಮುಚ್ಚಿಕೊಂಡಳು, ಮುಖವೆಲ್ಲ ಹಿಟ್ಟಾಯಿತು, ಗೋಡೆಗೆ ಒರಗಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಒಂದು ವರ್ಷದ ನಗೆ ಅದು, ಸುಲಭಕ್ಕೆ ಮುಗಿಯುವಂಥದಲ್ಲ. ನಗುತ್ತ ನಗುತ್ತ ಕೊನೆಗೆ ಅತ್ತಳು. "ಒಂದ್ ಚೀಟಿ ಬರಿಲಿಲ್ಲಲ್ರಿ. ಸತ್ತೀರೋ ಇದ್ದೀರೋ ಗೊತ್ತಿಲ್ಲ. ಒಂದ್ ಚೀಟಿ."

ಮಾಮಾ ಹೊರಸಿನ ಕೆಳಗೇ ಕೂತಿದ್ದರು. ಹೊರಗೆ ಬರುವ ಮುಖ ಇರಲಿಲ್ಲ. ಅಲ್ಲಿಂದಲೇ ಹೇಳಿದರು. "ಏನ್ ಬರೀಲಿ, ಗೌರಾ? ಬಂದೂಕು ಹಿಡಿಯಾಕ ಹೋದೆ. ಮೊದಲನೇ ದಿನ ಸಪ್ಪಳಕ್ಕ ಹೆದರಿ ಕುಂತೆ. ಮರದಿನದಿಂದ ನನ್ನ ಅಡಗಿಮನಿಗೆ ಹಾಕಿದ್ರು. ಬಾಕಿ ಮಂದಿ ಮನಿಗೆ ಏನೇನೋ ಬರೀತಿದ್ರು. ನಾ ಏನ್ ಬರೀಲಿ, ಇವತ್ತ ಇನ್ನೂರು ರೊಟ್ಟಿ ಬಡದೆ ಅಂತ ಬರೀಲೇನು?"

ಓಣಿಯವರು ಬಾಗಿಲಿನಿಂದ ಇಣುಕುತ್ತಿದ್ದರು. ಅಕ್ಕ ಮೂಗು ಒರೆಸಿಕೊಂಡಳು. "ಅದನ್ನ ಬರೀಬೇಕಿತ್ತು" ಎಂದಳು.

ಅಡುಗೆಮನೆಯಿಂದ ಆಯಿ ಕೂಗಿದಳು. "ಅಳಿಯಾ, ಬರ್ರಿ ಇಲ್ಲಿ. ಬೆಲ್ಲ ತಗೊಳ್ಳುವಾಗ ನಿಮ್ಮ ಬೆರಳು ನೋಡೀನಿ ನಿನ್ನೆ. ಹಂಚು ಮುಟ್ಟಿ ಸುಟ್ಟ ಬೆರಳು ನನಗ ಗೊತ್ತಾಗೂದಿಲ್ಲೇನು? ಹಿಟ್ಟು ಉಳದದ. ಒಂದು ಬಡದು ತೋರ್ಸ್ರಿ."

ಅಳಿಯನನ್ನು ಮಾವನ ಮನೆಯಲ್ಲಿ ಒಲೆಯ ಮುಂದೆ ಕೂಡಿಸುವುದೆಂದರೆ ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಅಪ್ಪ ಮನೆಯಲ್ಲಿದ್ದಿದ್ದರೆ ನಾಚಿಕೆಯಿಂದ ಊರು ಬಿಡುತ್ತಿದ್ದ. ಮಾಮಾ ರುಮಾಲಿಲ್ಲದೆ, ಹಣೆಯ ಮೇಲೆ ಹೊಸ ಬುಗುಟೆ ಹೊತ್ತು ಬಂದು ಕೂತರು. ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದರು. ನನ್ನಾಣೆ, ಅಂಥ ತೆಳು, ಅಂಥ ದುಂಡು ರೊಟ್ಟಿಯನ್ನು ಅಕ್ಕನೂ ಬಡಿಯುತ್ತಿರಲಿಲ್ಲ. ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದರು. ರೊಟ್ಟಿ ಪೂರಾ ಉಬ್ಬಿ ನಿಂತಿತು. ಮಾಮಾ ತಡಮಾಡದೆ ಅದರ ಅಂಚಿಗೆ ಉಗುರು ತಾಕಿಸಿ ಒಂದು ಬಾಯಿ ಮಾಡಿದರು. ಉಸ್ ಎಂದು ಉಗಿ ಹೋಯಿತು. ಅಕ್ಕ ಆ ರೊಟ್ಟಿಯನ್ನು ಯಾರಿಗೂ ಕೊಡದೆ, ಬರಿಯ ಹಿಂಡಿಯ, ಅಂದರೆ ಚಟ್ನಿಪುಡಿಯ, ಜೊತೆ ತಾನೇ ತಿಂದಳು. ತಿಂದು ಕೈತೊಳೆದು, "ತಮ್ಮಾ, ನನ್ನ ಟ್ರಂಕು ಕೆಳಗಿಳಸು" ಎಂದಳು.

ಮಧ್ಯಾಹ್ನ ಬಂಡಿ ಹೊರಟಿತು. ಹೇಗೋ ಉಳಿದಿದ್ದ ಹಸಿರು ಪುಗ್ಗಾವನ್ನು ಅಕ್ಕ ಬಂಡಿಯ ಗೂಟಕ್ಕೆ ಕಟ್ಟಿಸಿಕೊಂಡಳು. ಬಿಸಿಲಿಗೆ ಒಡೆಯದಂತೆ ಅದರ ಮೇಲೆ ತನ್ನ ಸೆರಗು ಹಿಡಿದಿದ್ದಳು. ನಾನು ಊರ ಹೊರಗಿನ ತನಕ ಹಿಂದೆ ನಡೆದು ಹೋಗಿ, ತಿರುಗಿ ಬರುವಾಗ ಅತ್ತೆ. ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ.

ಈ ಕತೆಯನ್ನು ನಾನು ಬಹಳ ವರ್ಷ ನನ್ನ ಪರಾಕ್ರಮವೆಂದೇ ಹೇಳಿಕೊಂಡು ತಿರುಗಿದೆ. ಅಕ್ಕನ ಸಂಸಾರವನ್ನು ಉಳಿಸಿದವನು ನಾನೇ ಎಂದು ಅವಳ ಮಕ್ಕಳ ಮುಂದೆಲ್ಲ ಜಂಬ ಕೊಚ್ಚಿದ್ದೇನೆ. ಮಾಸ್ತರಿಕೆಯ ತರಬೇತಿ ಮುಗಿಸಿ ಊರಿಗೆ ಬಂದಾಗ, ಆಯಿ ರೊಟ್ಟಿ ಬಡಿಯುತ್ತಿದ್ದಳು. ಉಸ್ತಾದರು ಬಾಕಿ ಇಟ್ಟಿದ್ದ ಅರ್ಧ ಪಾಠ ಆಗ ನನಗೆ ಸಿಕ್ಕಿತ್ತು. ಒಲೆಯ ಬೂದಿಯಲ್ಲಿ ಬೆರಳಿನಿಂದ ಗುಂಡಗೆ ಬರೆದು, ಒಳಗಿನ ಗ್ಯಾಸು ಹೇಗೆ ಕಾಯುತ್ತದೆ, ಹೇಗೆ ಎಲ್ಲ ಕಡೆ ಒತ್ತುತ್ತದೆ, ರಬ್ಬರು ಎಲ್ಲಿಯವರೆಗೆ ತಾಳುತ್ತದೆ ಎಂದು ಅವಳಿಗೆ ವಿವರಿಸಿದೆ.

ಆಯಿ ಪೂರಾ ಕೇಳಿದಳು. "ಇದಕ್ಕ ಇಷ್ಟ ವರ್ಷ ಓದಬೇಕಾತೇನೋ? ಉಬ್ಬಿದ್ದಕ್ಕ ಬಾಯಿ ಇಲ್ಲಂದ್ರ ಒಡೀತದ. ದಿನಾ ನೋಡ್ತೇನಿ."

ನನಗೆ ಆಗ ತೊಗರಿ ಕಟ್ಟಿಗೆ ನೆನಪಾಯಿತು. "ಹಂಗಾದ್ರ ಆವತ್ತು ಪುಗ್ಗಾ ಒಡೀತಾವಂತ ನಿನಗ ಗೊತ್ತಿತ್ತು?"

"ಗೊತ್ತಿಲ್ದ ಉರಿ ಹೆಚ್ಚು ಮಾಡಿದ್ನೇನು?"

"ಮತ್ತ ನನಗ ಯಾಕ ಹೇಳಲಿಲ್ಲ ಆಯಿ?"

"ಹೇಳಿದ್ರ ನೀ ಬಿಚ್ಚಿ ಇಡ್ತಿದ್ದಿ" ಎಂದಳು ಆಯಿ. "ನಿಮ್ಮಕ್ಕ ಇವತ್ತಿಗೂ ಇಲ್ಲೇ ಹಿಟ್ಟು ನಾದ್ಕೋತ ಕುಂತಿರ್ತಿದ್ಲು" ಎಂದು, ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿಗೆ ಉಗುರಿನಿಂದ ಬಾಯಿ ಮಾಡಿ ನನ್ನ ತಾಟಿಗೆ ಹಾಕಿದಳು.